ಬಿಸಿಯಾದ ಮೇಲೆ ಮಾತ್ರ ಮಿಸ್ ಹೊಡೀತಿದೆ, ಪ್ಲಗ್ಗು ಕಾಯಿಲ್ಲು ಎಲ್ಲಾ ಹಾಕ್ಸಾಯ್ತು – ಹಳೇ ವ್ಯಾನ್, ದಾರಿ ತೋರ್ಸಿ

ಏಳುಸೀಟು

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮನೇಲಿ ಏಳು ಸೀಟಿನ ವ್ಯಾನ್ ಇದೆ, ಹದಿನಾರು ವರ್ಷ ಹಳೇದು, ಓಡಿರೋದು 1,84,000 ಕಿಮೀ. ನಾಲ್ಕು ಸಿಲಿಂಡರ್ ಪೆಟ್ರೋಲ್, ಇಂಜಿನ್ನು ಮುಂದಿನ ಸೀಟಿನ ಕೆಳಗಿರೋ ಥರದ್ದು, ಸೀಟು ಎತ್ತಿದ್ರೇನೇ ಏನಾದ್ರೂ ಕಾಣೋದು. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸ್ತೀನಿ. ಮಕ್ಕಳ ಸ್ಕೂಲು, ಅಮ್ಮನ ಆಸ್ಪತ್ರೆ ಎಲ್ಲಾ ಇದ್ರಲ್ಲೇ. ಅಮ್ಮಂಗೆ ಮಂಡಿ ನೋವು, ಬೇರೆ ಕಾರಲ್ಲಿ ಬಗ್ಗಿ ಕೂರೋಕಾಗಲ್ಲ, ಇದ್ರಲ್ಲಾದ್ರೆ ಪಕ್ಕದ ಡೋರ್ ಎಳೆದು ನೇರ ಹತ್ತಿ ಕೂತ್ಕೋತಾರೆ.

ತೊಂದ್ರೆ ಏನಂದ್ರೆ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಹದಿನೈದು ಇಪ್ಪತ್ತು ನಿಮಿಷ ಬೆಣ್ಣೆ ಥರ ಓಡುತ್ತೆ, ಆಮೇಲೆ ಎಲ್ಲಾದ್ರೂ ನಿಲ್ಸಿ ನ್ಯೂಟ್ರಲ್ ಮಾಡಿದ್ರೆ ಸೀಟು ಗಡಗಡ ಅಂತ ನಡುಗುತ್ತೆ, ಸ್ಟೀರಿಂಗ್ ಕೂಡ. ಆಕ್ಸಿಲೇಟರ್ ಕೊಟ್ರೆ ಸ್ವಲ್ಪ ಸರಿ ಹೋಗುತ್ತೆ. ಏರಲ್ಲಿ ಎರಡನೇ ಗೇರಲ್ಲೂ ಎಳಿಯಲ್ಲ, ಚೆಕ್ ಇಂಜಿನ್ ಲೈಟು ಮಿಣಮಿಣ ಅಂತ ಮಿನುಗುತ್ತೆ, ಹಿಂದಿನಿಂದ ಪೆಟ್ರೋಲ್ ವಾಸನೆ. ಸ್ಕ್ಯಾನ್ ಮಾಡಿದ್ರೆ ಪಿ0303 ಅನ್ನೋ ಕೋಡು, ಅಂದ್ರೆ ಮೂರನೇ ಸಿಲಿಂಡರಲ್ಲಿ ಇಂಧನ ಸರಿಯಾಗಿ ಉರೀದೇ ಮಿಸ್ ಹೊಡೀತಿದೆ ಅಂತ.

ಇಲ್ಲಿವರೆಗೆ ಹಾಕ್ಸಿರೋದು: ನಾಲ್ಕು ಪ್ಲಗ್ಗು, ಮೂರನೇದರ ಕಾಯಿಲ್ಲು (ಪ್ಲಗ್ಗಿಗೆ ಕರೆಂಟು ಕೊಡೋದು), ಏರ್ ಫಿಲ್ಟರ್. ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್ ಮಾಡ್ಸಿದೀನಿ. ಕೂಲಂಟು ಎರಡು ತಿಂಗಳಿಗೆ ಒಂದು ಲೋಟದಷ್ಟು ಕಮ್ಮಿ ಆಗುತ್ತೆ. ಒಬ್ರು ಇಂಜಿನ್ ಬಿಚ್ಚಬೇಕು ಅಂದ್ರು, ಇನ್ನೊಬ್ರು ಮಾರಿಬಿಡಿ ಅಂದ್ರು. ಬಿಚ್ಚೋಕೆ ಮುಂಚೆ ಏನಾಗಿದೆ ಅಂತ ನಂಗೆ ಗೊತ್ತಾಗ್ಬೇಕು.

ಮೂರನೇಗೇರ್

ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು. ಕೂಲಂಟು ಕಮ್ಮಿ ಆಗ್ತಿದೆ, ಒಂದು ಸಿಲಿಂಡರ್ ಮಿಸ್ ಹೊಡೀತಿದೆ, ಇನ್ನೇನು ಬೇಕು? ನಮ್ಮ ಗಾಡೀಲೂ ಇದೇ ಆಗಿತ್ತು, ತಡ ಮಾಡಿದ್ದಕ್ಕೆ ಹೆಡ್ಡೇ ಬೆಂಡ್ ಆಗಿತ್ತು. ಬೇಗ ಬಿಚ್ಸಿ.

ಎಣ್ಣೆಕೈ

ಮೊದಲು ಒಂದು ಮಾತಮ್ಮ. ಲೈಟು ಸುಮ್ನೆ ಹತ್ಕೊಂಡಿದ್ರೆ ಮನೆವರೆಗೂ ಓಡಿಸ್ಬಹುದು, ಮಿನುಗ್ತಾ ಇದ್ರೆ ಓಡಿಸ್ಬೇಡಿ, ಆಕ್ಸಿಲೇಟರ್ ಬಿಟ್ಟು ಪಕ್ಕಕ್ಕೆ ಹಾಕಿ. ಉರೀದೇ ಇರೋ ಪೆಟ್ರೋಲು ಹಾಗೇ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ, ಅದು ಕೆಂಪಗೆ ಕಾದು ಒಳಗಿನ ಜೇನುಗೂಡು ಕರಗಿಬಿಡುತ್ತೆ. ಈಗಿರೋ ರಿಪೇರಿಗಿಂತ ಅದೇ ದೊಡ್ಡ ಖರ್ಚು. ಅಮ್ಮನ್ನ ಮಕ್ಕಳನ್ನ ಕೂರಿಸ್ಕೊಂಡು ಏರು ಹತ್ತೋದಂತೂ ಸದ್ಯಕ್ಕೆ ಬೇಡ.

ಪಿ0303 ಅಂದ್ರೆ ಮೂರನೇ ಸಿಲಿಂಡರ್ ಮಿಸ್ ಅಂತ ಮಾತ್ರ, ಯಾಕೆ ಅಂತ ಅದು ಹೇಳಲ್ಲ. ಕಿಡಿ ಇಲ್ದೇ ಇರ್ಬಹುದು, ಪೆಟ್ರೋಲ್ ಬರ್ದೇ ಇರ್ಬಹುದು, ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ನಿಲ್ದೇ ಇರ್ಬಹುದು, ಇಲ್ಲಾ ಎಲ್ಲಿಂದಲೋ ಗಾಳಿ ಎಳೀತಿರ್ಬಹುದು. ನೀವು ಹಾಕ್ಸಿರೋದು ಹೆಚ್ಚಾಗಿ ಮೊದಲನೇದಕ್ಕೇ. ಹೊಸ ಪಾರ್ಟು ಹಾಕಿದ್ವಿ ಅಂದ್ರೆ ಅದನ್ನ ಪರೀಕ್ಷೆ ಮಾಡಿದ್ವಿ ಅಂತ ಅಲ್ಲ, ಹೊಸ ಕಾಯಿಲ್ಲೇ ಕೆಟ್ಟದ್ದು ಬಂದಿರೋದೂ ನೋಡಿದೀನಿ.

ಇವಕ್ಕೆ ಉತ್ರ ಹೇಳಿ. ಮೂರನೇ ಕಾಯಿಲ್ಲು ಒಂದನೇದಕ್ಕೆ ಅದಲುಬದಲು ಮಾಡಿ ನೋಡಿದ್ರಾ? ಪ್ಲಗ್ಗಿನ ಬಾವಿ (ಪ್ಲಗ್ಗು ಕೂರೋ ಗುಂಡಿ) ಒಳಗೆ ಆಯಿಲ್ ಇದ್ಯಾ? ಫ್ರೀಜ್ ಫ್ರೇಮಲ್ಲಿ (ಕೋಡ್ ಬಿದ್ದ ಗಳಿಗೆಯ ಅಂಕಿಗಳು) ಏನು ಬರೆದಿದೆ? ಫ್ಯೂಯಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಪೆಟ್ರೋಲು ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅನ್ನೋದು) ಐಡ್ಲಿಂಗಲ್ಲಿ ಎಷ್ಟು, 2,500 ಆರ್‌ಪಿಎಮ್ಮಲ್ಲಿ ಎಷ್ಟು? ಗಾಡಿ ಯಾವತ್ತಾದ್ರೂ ಗ್ಯಾಸ್ ಮೇಲೆ ಓಡಿದ್ಯಾ? ಕೂಲಂಟ್ ಟ್ಯಾಂಕಲ್ಲಿ ಗುಳ್ಳೆ ಏಳುತ್ತಾ?

ಮೂರನೇಗೇರ್ ಅವ್ರೇ, ನೀವು ಹೇಳಿದ್ದು ತಳ್ಳಿಹಾಕಲ್ಲ, ಆದ್ರೆ ಗ್ಯಾಸ್ಕೆಟ್ ಸೀಳಿ ಕೂಲಂಟು ಒಳಗೆ ಜಿನುಗೋ ಕೇಸಲ್ಲಿ ಸಾಮಾನ್ಯವಾಗಿ ರಾತ್ರಿ ಇಡೀ ನೀರು ಇಳಿದು ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮಿಸ್ ಹೊಡಿಯುತ್ತೆ, ಬಿಳಿ ಹೊಗೆ ಕಾರುತ್ತೆ, ಆಮೇಲೆ ಸರಿ ಹೋಗುತ್ತೆ. ಇವ್ರದ್ದು ಪೂರ್ತಿ ಉಲ್ಟಾ.

ಏಳುಸೀಟು

ತುಂಬ ಥ್ಯಾಂಕ್ಸ್ ಅಣ್ಣ, ಕನ್ವರ್ಟರ್ ವಿಷ್ಯ ಯಾರೂ ಹೇಳಿರ್ಲಿಲ್ಲ, ಇವತ್ತಿಂದ ಏರಿನ ದಾರಿ ಬಿಟ್ಟಿದೀನಿ.

ನನ್ನ ಹತ್ರ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಇದೆ. ಫ್ರೀಜ್ ಫ್ರೇಮಲ್ಲಿ ಕೂಲಂಟ್ 91 ಡಿಗ್ರಿ, 740 ಆರ್‌ಪಿಎಮ್ ಅಂತಿದೆ. ಟ್ರಿಮ್ಮು ಐಡ್ಲಿಂಗಲ್ಲಿ ಪ್ಲಸ್ 9, 2,500ರಲ್ಲಿ ಪ್ಲಸ್ 2. ಮೂರನೇ ಬಾವೀಲಿ ಸ್ವಲ್ಪ ಆಯಿಲ್ ಪಸೆ ಇತ್ತು, ಒರೆಸಿದೆ. ಗುಳ್ಳೆ ಇಲ್ಲ. ಕಾಯಿಲ್ಲು ಅದಲುಬದಲು ಮಾಡಿರ್ಲಿಲ್ಲ, ನಾಳೆ ಮಾಡ್ತೀನಿ.

ವೈರ್‌ಮನ್

ಪ್ಲಸ್ 9 ಅಂದ್ರೆ ಇಸಿಯು, ಅದೇ ಇಂಜಿನ್ ಕಂಪ್ಯೂಟರ್, ಜಾಸ್ತಿ ಪೆಟ್ರೋಲು ಸುರೀತಿದೆ, ಅಂದ್ರೆ ಅದಕ್ಕೆ ಗಾಳಿ ಜಾಸ್ತಿ ಕಾಣ್ತಿದೆ. ಐಡ್ಲಿಂಗಲ್ಲಿ ಜಾಸ್ತಿ, ರೇಸ್ ಮಾಡಿದ್ರೆ ಕಮ್ಮಿ, ಇದು ವ್ಯಾಕ್ಯೂಮ್ ಲೀಕಿನ ಗುರುತು, ಎಲ್ಲೋ ಬಿರುಕಿಂದ ಗಾಳಿ ಒಳಗೆ ಎಳೀತಿದೆ ಅಂತ. ಮೂರನೇದರ ಇಂಟೇಕ್ ಗ್ಯಾಸ್ಕೆಟ್ ಹತ್ರ ನೋಡಿ, ಹಳೇ ರಬ್ಬರ್ ಪೈಪುಗಳು ಬಿಸಿಗೆ ಸೀಳ್ತವೆ. ಕೆಲವ್ರು ಕಾರ್ಬ್ ಕ್ಲೀನರ್ ಹೊಡೆದು ನೋಡ್ತಾರೆ, ನಿಮ್ಮದು ಸೀಟಿನ ಕೆಳಗಿನ ಇಂಜಿನ್ನು, ಪಕ್ಕದಲ್ಲೇ ಕಾದ ಮ್ಯಾನಿಫೋಲ್ಡ್, ಬೆಂಕಿ ಹತ್ಕೊಂಡ್ರೆ ಕಷ್ಟ, ಅದು ಬೇಡವೇ ಬೇಡ. ಸೋಪಿನ ನೀರು ಸ್ಪ್ರೇ ಮಾಡಿ, ನೀರು ಒಳಗೆ ಎಳೆದ್ರೆ ಐಡ್ಲಿಂಗ್ ಬದಲಾಗುತ್ತೆ.

ಜೊತೆಗೆ ಇಂಜೆಕ್ಟರ್ ಕನೆಕ್ಟರ್ ಅಲುಗಾಡ್ಸಿ ನೋಡಿ. ಹಳೇ ಗಾಡಿಗಳಲ್ಲಿ ಲಾಕ್ ಮುರಿದು ಪಿನ್ನು ಸಡಿಲ ಆಗಿರುತ್ತೆ, ಬಿಸಿಯಾದಾಗ ಕೈ ಕೊಡುತ್ತೆ.

ಎಣ್ಣೆಕೈ

ವೈರ್‌ಮನ್ ಹೇಳಿದ್ದು ಸರಿ, ನೋಡ್ಲೇಬೇಕು. ಆದ್ರೆ ಒಂದು ಸೇರಿಸ್ತೀನಿ, ಮಿಸ್ ಹೊಡೆಯೋ ಸಿಲಿಂಡರಲ್ಲಿ ಪೆಟ್ರೋಲು ಉರೀದಿದ್ರೆ ಆಮ್ಲಜನಕವೂ ಹಾಗೇ ಹೊರಗೆ ಹೋಗುತ್ತೆ. ಆಕ್ಸಿಜನ್ ಸೆನ್ಸರ್ ಅಳೆಯೋದು ಅದನ್ನೇ, ಪೆಟ್ರೋಲನ್ನಲ್ಲ. ಅದಕ್ಕೆ ‘ಗಾಳಿ ಜಾಸ್ತಿ ಆಯ್ತು’ ಅನ್ಸಿ ನಾಲ್ಕಕ್ಕೂ ಪೆಟ್ರೋಲು ಜಾಸ್ತಿ ಬಿಡ್ಸುತ್ತೆ. ಹಾಗಾಗಿ ಪ್ಲಸ್ 9 ಮಿಸ್ಸಿಂಗಿಗೆ ಕಾರಣಾನೂ ಆಗಿರ್ಬಹುದು, ಮಿಸ್ಸಿಂಗಿನ ಫಲಾನೂ ಆಗಿರ್ಬಹುದು. ಎರಡನ್ನೂ ಮನಸಲ್ಲಿಟ್ಕೊಳ್ಳಿ.

ಏಳುಸೀಟು

ಎರಡು ದಿನದ ಕೆಲಸ ಬರೀತಿದೀನಿ. ತಮ್ಮ ಬಂದಿದ್ದ, ಇಬ್ರೂ ಸೇರಿ ಮಾಡಿದ್ವಿ.

ಮೂರರ ಕಾಯಿಲ್ಲು ಒಂದಕ್ಕೆ, ಒಂದರದ್ದು ಮೂರಕ್ಕೆ. ಕೋಡ್ ಅಳಿಸಿ ಇಪ್ಪತ್ತು ನಿಮಿಷ ಓಡ್ಸಿದ್ವಿ, ಮತ್ತೆ ಪಿ0303. ಪ್ಲಗ್ಗು ನಾಲ್ಕರ ಜೊತೆ ಅದಲುಬದಲು, ಮತ್ತೆ ಪಿ0303. ಬಿಚ್ಚಿದಾಗ ನೋಡಿದ್ದು, ಉಳಿದ ಮೂರು ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣ, ಮೂರನೇದು ಮಾತ್ರ ಕಪ್ಪಗೆ, ಮುಟ್ಟಿದ್ರೆ ಮಸಿ ಬೆರಳಿಗೆ ಹತ್ತುತ್ತೆ. ಸೋಪಿನ ನೀರಿಗೆ ಏನೂ ಬದಲಾಗ್ಲಿಲ್ಲ. ಇಂಜೆಕ್ಟರ್ ಕನೆಕ್ಟರ್ ಗಟ್ಟಿ ಇದೆ. ಇನ್ನು ಇಂಜೆಕ್ಟರ್ ಅದಲುಬದಲು ಮಾಡೋದೊಂದೇ ಬಾಕಿ, ಅದಕ್ಕೆ ಇಂಜೆಕ್ಟರುಗಳಿಗೆ ಪೆಟ್ರೋಲು ಕೊಡೋ ರೈಲ್ ಬಿಚ್ಬೇಕು, ಓ-ರಿಂಗ್ ಹೊಸದು ತರ್ಬೇಕು.

ಕೂಲಂಟು ಎಲ್ಲಿ ಹೋಗ್ತಿದೆ ಅಂತ ಸಿಕ್ತು! ರೇಡಿಯೇಟರ್ ಮೇಲಿನ ಹೋಸ್ ಕ್ಲಾಂಪಿನ ಕೆಳಗೆ ಹಸಿರು ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ತಣ್ಣಗಿದ್ದಾಗ ಒಣಗಿರುತ್ತೆ, ಬಿಸಿಯಾಗಿ ಪ್ರೆಷರ್ ಬಂದಾಗ ಮಾತ್ರ ಒಂದೊಂದು ಹನಿ. ಕ್ಲಾಂಪ್ ಬದಲಾಯಿಸಿದ್ವಿ.

ಎಣ್ಣೆಕೈ

ಬಹಳ ಚೆನ್ನಾಗಿ ಮಾಡಿದ್ದೀರಮ್ಮ. ರೈಲ್ ಬಿಚ್ಚೋಕೆ ಮುಂಚೆ ಒಂದು ಕೇಳ್ತೀನಿ, ಗ್ಯಾಸ್ ಪ್ರಶ್ನೆಗೆ ನೀವು ಉತ್ರ ಕೊಟ್ಟಿಲ್ಲ.

ಏಳುಸೀಟು

ಅಯ್ಯೋ ಮರೆತೇಬಿಟ್ಟೆ ಅಣ್ಣ. ಎಲ್‌ಪಿಜಿ ಕಿಟ್ ಇದೆ. ಅಪ್ಪ ಎಂಟು ವರ್ಷದ ಹಿಂದೆ ಹಾಕ್ಸಿದ್ದು, ಹೆಚ್ಚುಕಮ್ಮಿ ಪೂರ್ತಿ ಗ್ಯಾಸಲ್ಲೇ ಓಡ್ಸಿರೋದು, ಸ್ಟಾರ್ಟ್ ಮಾತ್ರ ಪೆಟ್ರೋಲಲ್ಲಿ. ಮಿಸ್ಸಿಂಗು ಎರಡರಲ್ಲೂ ಒಂದೇ ಥರ.

ಎಣ್ಣೆಕೈ

ಹಾಗಾದ್ರೆ ಇಂಜೆಕ್ಟರ್ ಮುಟ್ಬೇಡಿ. ಗ್ಯಾಸಿಗೆ ಬೇರೆ ಇಂಜೆಕ್ಟರ್, ಬೇರೆ ಪೈಪು. ಎರಡರಲ್ಲೂ ಅದೇ ಸಿಲಿಂಡರ್ ಒಂದೇ ಥರ ಮಿಸ್ ಹೊಡೀತಿದ್ರೆ ಪೆಟ್ರೋಲ್ ಲೈನಿನ ತಪ್ಪಲ್ಲ. ಕಿಡಿ ನೋಡಾಯ್ತು, ಗಾಳಿ ನೋಡಾಯ್ತು, ಇಂಧನ ಹೋಯ್ತು. ಉಳಿದಿದ್ದು ಕಂಪ್ರೆಷನ್.

ನನಗೆ ಅನುಮಾನ ಮೂರನೇ ಎಕ್ಸಾಸ್ಟ್ ವಾಲ್ವಿನ ಮೇಲೆ, ಹೊಗೆ ಹೊರಗೆ ಬಿಡೋ ವಾಲ್ವು ಅದು. ಯಾಕೆ ಅಂತ ಹೇಳ್ತೀನಿ, ಇದು ಗ್ಯಾಸ್ ಹಾಕ್ಸಿರೋ ಪ್ರತಿಯೊಬ್ರೂ ತಿಳ್ಕೊಂಡಿರ್ಬೇಕು. ಎಕ್ಸಾಸ್ಟ್ ವಾಲ್ವು ಓಡುವಾಗ 700 ಡಿಗ್ರಿ ಮೇಲೇ ಕಾದಿರುತ್ತೆ. ಆ ಬಿಸಿ ಹೆಚ್ಚಿನ ಪಾಲು ಹೊರಗೆ ಹೋಗೋದು ವಾಲ್ವು ಮುಚ್ಚಿ ತನ್ನ ಸೀಟಿನ (ಹೆಡ್ಡಲ್ಲಿ ವಾಲ್ವು ಕೂರೋ ಬಳೆ) ಮೇಲೆ ಕೂತಾಗ, ಸೀಟಿನಿಂದ ಹೆಡ್ಡಿಗೆ, ಹೆಡ್ಡಿಂದ ಕೂಲಂಟಿಗೆ. ಗ್ಯಾಸು ಒಣ ಇಂಧನ, ಪೆಟ್ರೋಲಿನ ಹಾಗೆ ವಾಲ್ವು ಸೀಟಿನ ನಡುವೆ ಪಸೆ ಉಳಿಸಲ್ಲ. ಅದಕ್ಕೇ ಗಟ್ಟಿ ಸೀಟು ಇಲ್ದಿರೋ ಇಂಜಿನ್ನಲ್ಲಿ ವಾಲ್ವು ಬಡಿದು ಬಡಿದು ಸೀಟು ಸವೆಯುತ್ತೆ, ವಾಲ್ವು ಸ್ವಲ್ಪ ಸ್ವಲ್ಪವೇ ಹೆಡ್ಡೊಳಗೆ ಮೇಲಕ್ಕೆ ಹೋಗುತ್ತೆ. ವಾಲ್ವಿನ ಬುಡ ಮೇಲೆ ಹೋದ್ರೆ ತಲೆಯೂ ಮೇಲೆ ಬರುತ್ತೆ, ಅಲ್ಲಿ ವಾಲ್ವು ಒತ್ತೋ ರಾಕರಿಗೂ ಅದಕ್ಕೂ ನಡುವೆ ಬಿಟ್ಟಿರೋ ಗ್ಯಾಪ್ ಕಮ್ಮಿ ಆಗ್ತಾ ಹೋಗುತ್ತೆ. ಗ್ಯಾಪ್ ಸೊನ್ನೆಗೆ ಬಂದ ಮೇಲೆ ಇಂಜಿನ್ ಬಿಸಿಯಾಗಿ ವಾಲ್ವಿನ ಕಡ್ಡಿ ಉದ್ದ ಆದ್ರೆ ವಾಲ್ವು ಪೂರ್ತಿ ಮುಚ್ಚೋದೇ ಇಲ್ಲ, ಕೂದಲೆಳೆಯಷ್ಟು ತೆರ್ಕೊಂಡೇ ಇರುತ್ತೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಮಿಸ್ಸು. ಐಡ್ಲಿಂಗಲ್ಲಿ ಸೋರೋಕೆ ಸಮಯ ಜಾಸ್ತಿ ಸಿಗೋದ್ರಿಂದ ಜಾಸ್ತಿ ನಡುಗುತ್ತೆ, ರೇಸ್ ಮಾಡಿದ್ರೆ ಕಮ್ಮಿ.

ಇಷ್ಟು ದಿನ ನಿಮ್ಮ ಟ್ಯಾಪೆಟ್ ಸದ್ದು, ಆ ಗ್ಯಾಪಿಂದ ಬರೋ ಟಿಕ್ ಟಿಕ್, ಕಮ್ಮಿ ಆಗ್ತಾ ಬಂದಿರ್ಬೇಕು. ಸದ್ದಿಲ್ಲ, ಇಂಜಿನ್ ಚೆನ್ನಾಗಿದೆ ಅಂತ ಜನ ಖುಷಿ ಪಡ್ತಾರೆ, ಅಲ್ಲೇ ಎಡವೋದು.

ಒಂದು ಸುಲಭದ ಪರೀಕ್ಷೆ ಈಗ್ಲೇ ಮಾಡ್ಬಹುದು. ಗಾಡಿ ಬಯಲಲ್ಲಿ ನಿಲ್ಸಿ, ಮುಚ್ಚಿದ ಜಾಗ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಐಡ್ಲಿಂಗಲ್ಲಿ ಬಿಟ್ಟು ಸೈಲೆನ್ಸರ್ ಬಾಯಿಯಿಂದ ಒಂದಿಂಚು ದೂರ ಒಂದು ಕಾಗದ ಹಿಡೀರಿ. ತಣ್ಣಗಿದ್ದಾಗ ಒಂದು ಸಲ, ಬಿಸಿಯಾಗಿ ನಡುಗುವಾಗ ಒಂದು ಸಲ. ಆಮೇಲೆ ಕಂಪ್ರೆಷನ್ ಟೆಸ್ಟು, ಅದೂ ಎರಡು ಸಲ.

ಮಲೆಗಾಡಿ

ಕಂಪ್ರೆಷನ್ ಟೆಸ್ಟ್ ಮೊದಲ ಸಲ ಮಾಡ್ತಿದ್ದೀರಿ ಅಂದ್ಕೊಂಡು ಹೇಳ್ತಿದೀನಿ ಅಕ್ಕ. ನಾಲ್ಕೂ ಪ್ಲಗ್ ಬಿಚ್ಬೇಕು. ಕಾಯಿಲ್ ಕನೆಕ್ಟರ್ ತೆಗೀರಿ, ಫ್ಯೂಯಲ್ ಪಂಪಿನ ಫ್ಯೂಸ್ ತೆಗೀರಿ, ಇಂಜೆಕ್ಟರ್ ಕನೆಕ್ಟರೂ ತೆಗೀರಿ, ಗ್ಯಾಸ್ ಸಿಲಿಂಡರಿನ ವಾಲ್ವು ಮುಚ್ಚಿ. ಬ್ಯಾಟರಿ ಫುಲ್ ಚಾರ್ಜ್ ಇರ್ಲಿ. ಒಬ್ರು ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀಬೇಕು, ಇಲ್ಲಾಂದ್ರೆ ಗಾಳಿ ಒಳಗೆ ಬರ್ದೇ ಎಲ್ಲಾ ಕಮ್ಮಿ ತೋರ್ಸುತ್ತೆ. ಪ್ರತಿ ಸಿಲಿಂಡರಿಗೂ ಐದಾರು ಹೊಡೆತ, ಎಲ್ಲಕ್ಕೂ ಅಷ್ಟೇ.

ಬಿಸಿಯಾಗಿದ್ದಾಗ ಹುಷಾರು. ಅಲ್ಯೂಮಿನಿಯಂ ಹೆಡ್ ಕಾದಿರುವಾಗ ಪ್ಲಗ್ ತಿರುಗಿಸಿದ್ರೆ ಮರೆ (ಥ್ರೆಡ್) ಕಿತ್ಕೊಂಡು ಬರ್ಬಹುದು. ತಣ್ಣಗಿದ್ದಾಗಲೇ ಒಂದ್ಸಲ ಬಿಚ್ಚಿ ಕ್ಲೀನ್ ಮಾಡಿ ಹದವಾಗಿ ಕೂರಿಸಿ, ಓಡ್ಸಿ ಬಂದು ಹತ್ತು ನಿಮಿಷ ಬಿಟ್ಟು ಬಿಚ್ಚಿ. ಬಿಗಿ ಬಂದ್ರೆ ಬಲ ಹಾಕ್ಬೇಡಿ.

ಎಷ್ಟು ಬರ್ಬೇಕು ಅನ್ನೋದು ನಿಮ್ಮ ಮ್ಯಾನ್ಯುಯಲಲ್ಲಿ ಇರುತ್ತೆ, ಪೆಟ್ರೋಲ್ ಗಾಡಿಗಳಲ್ಲಿ ಸುಮಾರು 150ರಿಂದ 190 ಪಿಎಸ್‌ಐ. ಅಂಕಿಗಿಂತ ಮುಖ್ಯ ನಾಲ್ಕರ ನಡುವಿನ ವ್ಯತ್ಯಾಸ.

ಏಳುಸೀಟು

ಕಾಗದದ ಟೆಸ್ಟು ಮೊದಲು ಹೇಳ್ತೀನಿ, ನಂಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ತಣ್ಣಗಿದ್ದಾಗ ಮಗಳ ನೋಟ್‌ಬುಕ್ ಹಾಳೆ ಹಿಡಿದೆ, ಪಟಪಟ ಅಂತ ಒಂದೇ ಸಮ ಹೊರಗೆ ತಳ್ತಿತ್ತು. ಸಂಜೆ ಬಿಸಿ ಮಾಡ್ಕೊಂಡು ಬಂದು ಹಿಡಿದ್ರೆ, ತಳ್ತಾ ತಳ್ತಾ ಮಧ್ಯೆ ಮಧ್ಯೆ ಹಾಳೆ ಪೈಪಿನ ಬಾಯಿಗೆ ಹೋಗಿ ಅಂಟ್ಕೊಳ್ತಿತ್ತು, ಒಳಗಿಂದ ಯಾರೋ ಉಸಿರು ಎಳ್ಕೊಂಡ ಹಾಗೆ. ಹಾಳೆ ಮೇಲೆ ದುಂಡಗೆ ಮಸಿ ಗುರುತು ಬಿದ್ದಿದೆ.

ಕಂಪ್ರೆಷನ್, ಒಂದರಿಂದ ನಾಲ್ಕರವರೆಗೆ:
ತಣ್ಣಗೆ – 174, 170, 148, 172
ಬಿಸಿ – 178, 175, 88, 176

ಮೂರನೇದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡು ಅಂತ ತಮ್ಮ ಎಲ್ಲೋ ಓದಿದ್ನಂತೆ, ಮಾಡಿದ್ವಿ, 92 ಬಂತು.

ಎಣ್ಣೆಕೈ

ನಿಮ್ಮ ತಮ್ಮಂಗೆ ಶಭಾಷ್ ಹೇಳಿ. ಆಯಿಲ್ ಬಿಟ್ಟಾಗ ಅದು ರಿಂಗಿನ ಸುತ್ತ ಸೀಲ್ ಮಾಡುತ್ತೆ, ರಿಂಗ್ ಸವೆದಿದ್ರೆ ಅಂಕಿ ಜಿಗೀಬೇಕಿತ್ತು. 88ರಿಂದ 92 ಅಂದ್ರೆ ಏನೂ ಇಲ್ಲ. ಗ್ಯಾಸ್ಕೆಟ್ ಎರಡು ಸಿಲಿಂಡರಿನ ನಡುವೆ ಸೀಳಿದ್ರೆ ಪಕ್ಕಪಕ್ಕದ ಎರಡೂ ಕಮ್ಮಿ ಬರ್ಬೇಕಿತ್ತು, ಅದೂ ಇಲ್ಲ. ತಣ್ಣಗೆ 148, ಬಿಸಿ 88, ಮಿಕ್ಕ ಮೂರೂ ಬಿಸಿಯಲ್ಲಿ ಮೇಲೆ ಹೋದಾಗ ಇದೊಂದೇ ಕೆಳಗೆ ಬಂತು. ಬಿಸಿಯಲ್ಲಿ ವಾಲ್ವು ಮುಚ್ಚಲ್ಲ.

ಇಂಜಿನ್ ತಣ್ಣಗಾಗೋಕೆ ಮುಂಚೆ ಮೂರನೇದಕ್ಕೆ ಗಾಳಿ ಕೊಟ್ಟು ಕೇಳಿದ್ರೆ ಇನ್ನೂ ಖಚಿತ. ಪಿಸ್ಟನ್ ಮೇಲೆ ತಂದು, ಕಂಪ್ರೆಷನ್ ಹೊಡೆತದ ಮೇಲ್ತುದಿ ಇರ್ಬೇಕು, ಪ್ಲಗ್ ತೂತಿಂದ ಗಾಳಿ ಬಿಟ್ಟು ಕಿವಿ ಕೊಡಿ. ಥ್ರಾಟಲ್ ಕಡೆ ಸುಸ್ ಅಂದ್ರೆ ಇಂಟೇಕ್ ವಾಲ್ವು, ಸೈಲೆನ್ಸರಲ್ಲಿ ಅಂದ್ರೆ ಎಕ್ಸಾಸ್ಟು, ಆಯಿಲ್ ಮುಚ್ಚಳದಲ್ಲಿ ಅಂದ್ರೆ ರಿಂಗು, ರೇಡಿಯೇಟರಲ್ಲಿ ಗುಳ್ಳೆ ಅಂದ್ರೆ ಗ್ಯಾಸ್ಕೆಟ್ಟು. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೀಬೇಡಿ, ಟ್ಯಾಂಕು ನೋಡಿದ್ರೆ ಸಾಕು. ಗಾಳಿ ಒತ್ತಿದಾಗ ಕ್ರ್ಯಾಂಕ್ ಥಟ್ ಅಂತ ತಿರುಗ್ಬಹುದು, ಬೋಲ್ಟಿನ ಮೇಲೆ ಪಾನಾ ಬಿಟ್ಟಿರ್ಬೇಡಿ, ಕೈ ದೂರ ಇರ್ಲಿ.

ಮೂರನೇಗೇರ್

ಒಪ್ಕೋತೀನಿ, ಗ್ಯಾಸ್ಕೆಟ್ ಅಲ್ಲ. ಆದ್ರೆ ವಾಲ್ವು ಅಂದ್ರೂ ಹೆಡ್ ಬಿಚ್ಲೇಬೇಕಲ್ವಾ? ಹದಿನಾರು ವರ್ಷದ ಗಾಡಿಗೆ ಅಷ್ಟು ಹಾಕೋದು ಯೋಚ್ನೆ ಮಾಡಿ. ಬೇಜಾರು ಮಾಡ್ಕೋಬೇಡಿ ಮೇಡಂ, ಒಳ್ಳೇದಕ್ಕೇ ಹೇಳ್ತಿರೋದು.

ಏಳುಸೀಟು

ಬೇಜಾರಿಲ್ಲ ಸರ್. ಆದ್ರೆ ಬಾಡಿ ತುಕ್ಕು ಹಿಡಿದಿಲ್ಲ, ಗೇರ್‌ಬಾಕ್ಸ್ ಗಟ್ಟಿ ಇದೆ, ಮೂರು ಸಿಲಿಂಡರ್ ಬಿಸಿಯಲ್ಲಿ 175ಕ್ಕೆ ಕಮ್ಮಿ ಇಲ್ಲ ಅಂತ ಈಗ ನಾನೇ ಅಳೆದು ನೋಡಿದೀನಿ. ಮಾರಿದ್ರೆ ಈ ಮಿಸ್ಸಿಂಗಿನ ಗಾಡಿನೇ ಇನ್ನೊಬ್ರ ತಲೆಗೆ ಕಟ್ಟಿದ ಹಾಗೆ. ಅಪ್ಪ ಹೋದ ಮೇಲೆ ಅಮ್ಮ ಇದ್ರಲ್ಲಿ ಕೂತಾಗ ಮಾತ್ರ ಕಿಟಕಿ ಪಕ್ಕ ತಲೆ ಆನಿಸಿ ನಿದ್ದೆ ಮಾಡ್ತಾರೆ. ಕೈಲಾದಷ್ಟು ನೋಡ್ತೀನಿ.

ತಮ್ಮ ಟೈರಿಗೆ ಗಾಳಿ ಹಿಡಿಯೋ ಕಂಪ್ರೆಸರ್ ತಂದು ಗಾಳಿ ಕೊಟ್ಟ, ನಾನು ಹಿಂದೆ ಕೂತು ಸೈಲೆನ್ಸರಿಗೆ ಕಿವಿ ಇಟ್ಟೆ. ಸುಸ್‌ಸ್ ಅಂತ ಸ್ಪಷ್ಟವಾಗಿ ಕೇಳ್ತು. ಬೇರೆಲ್ಲೂ ಇಲ್ಲ.

ಎಣ್ಣೆಕೈ

ಹೆಡ್ ಬಿಚ್ಚೋ ಮಾತು ಈಗ್ಲೇ ಬೇಡ. ವಾಲ್ವು ಸುಟ್ಟು ಅಂಚು ಕಿತ್ತಿದ್ರೆ ತಣ್ಣಗಿದ್ದಾಗ್ಲೂ 148 ಬರ್ತಿರ್ಲಿಲ್ಲ. ಮೊದಲು ಟ್ಯಾಪೆಟ್ ಗ್ಯಾಪ್ ನೋಡೋಣ. ಹೈಡ್ರಾಲಿಕ್ ಲಿಫ್ಟರ್ ಇರೋ ಇಂಜಿನ್ ಆದ್ರೆ ಗ್ಯಾಪ್ ತಾನೇ ಸರಿ ಮಾಡ್ಕೊಳ್ಳುತ್ತೆ, ಅಡ್ಜಸ್ಟ್ ಮಾಡೋಕೆ ಏನೂ ಇರಲ್ಲ. ಬಕೆಟ್ ಶಿಮ್ (ಗ್ಯಾಪ್ ಹೊಂದಿಸೋ ಬಿಲ್ಲೆ) ಇದ್ರೆ ಅಳೆದು ಸರಿಯಾದ ದಪ್ಪದ ಶಿಮ್ ಹುಡುಕಿ ಹಾಕ್ಬೇಕು, ಅದು ವರ್ಕ್‌ಶಾಪ್ ಕೆಲಸ. ಸ್ಕ್ರೂ ಮತ್ತೆ ಲಾಕ್ ನಟ್ ಇದ್ರೆ ಮನೇಲೇ ಆಗುತ್ತೆ. ಮೇಲಿನ ಕವರ್ ತೆಗೆದು ಫೋಟೋ ಹಾಕಿ.

ಏಳುಸೀಟು

ಸ್ಕ್ರೂ ಮತ್ತೆ ಲಾಕ್ ನಟ್! ಮ್ಯಾನ್ಯುಯಲಲ್ಲಿ ತಣ್ಣಗಿನ ಗ್ಯಾಪು ಇಂಟೇಕ್ 0.15, ಎಕ್ಸಾಸ್ಟ್ 0.25 ಮಿಮೀ ಅಂತಿದೆ. ಸಿಲಿಂಡರಿಗೆ ಎರಡೇ ವಾಲ್ವು. ಫೈರಿಂಗ್ ಆರ್ಡರ್, ಸಿಲಿಂಡರ್ ಉರಿಯೋ ಸರದಿ, 1-3-4-2.

ಎಣ್ಣೆಕೈ

ಹಾಗಾದ್ರೆ ಕೆಲಸ ನಿಮ್ಮ ಕೈಲೇ ಇದೆ. ರಾತ್ರಿ ಇಡೀ ಗಾಡಿ ನಿಂತಿರ್ಬೇಕು, ಪೂರ್ತಿ ತಣ್ಣಗಿರ್ಬೇಕು. ಬ್ಯಾಟರಿ ನೆಗೆಟಿವ್ ತೆಗೀರಿ. ಪ್ಲಗ್ ಬಿಚ್ಚಿದ್ರೆ ಕ್ರ್ಯಾಂಕ್ ತಿರುಗ್ಸೋದು ಹಗುರ. ಇಂಜಿನ್ ತಿರುಗೋ ದಿಕ್ಕಲ್ಲೇ ಕ್ರ್ಯಾಂಕ್ ಪುಲ್ಲಿ ಬೋಲ್ಟ್ ತಿರುಗ್ಸಿ, ಹಿಂದಕ್ಕೆ ತಿರುಗ್ಸಬೇಡಿ. ಪುಲ್ಲಿ ಗುರುತು ಮೇಲ್ತುದಿಗೆ ಬಂದು, ಒಂದನೇ ಸಿಲಿಂಡರಿನ ಎರಡೂ ರಾಕರ್ ಸಡಿಲ ಇದ್ದು, ನಾಲ್ಕನೇದರವು ಬಿಗಿ ಇದ್ರೆ ಒಂದು ಕಂಪ್ರೆಷನಲ್ಲಿದೆ ಅಂತ ಅರ್ಥ. ಗಮನ ಇರ್ಲಿ, ನಿಮ್ಮ ಮೂರನೇ ಎಕ್ಸಾಸ್ಟಿಗೆ ಈಗ ಸಡಿಲವೇ ಸಿಗಲ್ಲ, ಅದನ್ನ ನೋಡಿ ಗೊಂದಲ ಆಗ್ಬೇಡಿ.

ಆ ಜಾಗದಲ್ಲಿ ಒಂದರ ಎರಡೂ, ಎರಡರ ಇಂಟೇಕು, ಮೂರರ ಎಕ್ಸಾಸ್ಟು ಅಳೀಬಹುದು. ಆಮೇಲೆ ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗ್ಸಿ, ಆಗ ನಾಲ್ಕರ ಎರಡೂ, ಮೂರರ ಇಂಟೇಕು, ಎರಡರ ಎಕ್ಸಾಸ್ಟು.

ಅಡ್ಜಸ್ಟ್ ಮಾಡೋಕೆ ಮುಂಚೆ ಎಂಟನ್ನೂ ಅಳೆದು ಬರ್ಕೊಳ್ಳಿ. ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಎಲೆಗಳ ಕಟ್ಟು) ಎಲೆ ಎಳೆಯುವಾಗ ಹಿಡಿದ ಹಾಗಿರ್ಬೇಕು, ಆದ್ರೆ ಬಾಗ್ಬಾರ್ದು, ಬೆಣ್ಣೆಯೊಳಗೆ ಚಾಕು ಆಡಿಸಿದ ಹಾಗೆ. ಅಳೆದ ಮೇಲೆ ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗಿ ಗ್ಯಾಪ್ ಬದಲಾಗುತ್ತೆ, ಹಾಗಾಗಿ ಸ್ಕ್ರೂಡ್ರೈವರ್‌ನಲ್ಲಿ ಹಿಡಿದು ನಟ್ ಬಿಗಿ ಮಾಡಿ ಮತ್ತೆ ಎಲೆ ಹಾಕಿ ನೋಡ್ಲೇಬೇಕು. ಎಕ್ಸಾಸ್ಟಿಗೆ ಅನುಮಾನ ಬಂದ್ರೆ ಬಿಗಿ ಕಡೆ ಹೋಗ್ಬೇಡಿ, ಮ್ಯಾನ್ಯುಯಲ್ ಮಿತಿಯೊಳಗೇ ಸಡಿಲ ಕಡೆ ಇರ್ಲಿ.

ಕವರ್ ಗ್ಯಾಸ್ಕೆಟ್ ಹೊಸದು ತನ್ನಿ. ನಿಮ್ಮ ಮೂರನೇ ಬಾವೀಲಿ ಆಯಿಲ್ ಪಸೆ ಬಂದಿದ್ದು ಅದು ಹಳೇದಾಗಿ ಬಿರುಸಾಗಿರೋದ್ರಿಂದಲೇ, ಬಾವಿ ಸುತ್ತಿನ ಸೀಲೂ ಬದಲಾಯಿಸಿ.

ಏಳುಸೀಟು

ಮುಗೀತು ಅಣ್ಣ. ಕೈ ಇನ್ನೂ ಆಯಿಲ್ ವಾಸನೆ ಹೊಡೀತಿದೆ, ಆದ್ರೆ ಬರೀದೇ ಇರೋಕಾಗ್ತಿಲ್ಲ.

ಬೆಳಿಗ್ಗೆ ಆರಕ್ಕೆ ಸೀಟು ಎತ್ತಿ ಶುರು ಮಾಡಿದ್ವಿ. ಇಂಟೇಕ್ ನಾಲ್ಕೂ 0.13ರಿಂದ 0.15ರ ಒಳಗೆ. ಎಕ್ಸಾಸ್ಟ್ ಒಂದು 0.15, ಎರಡು 0.13, ನಾಲ್ಕು 0.15. ಮೂರನೇದಕ್ಕೆ ಗೇಜಲ್ಲಿದ್ದ ಅತಿ ತೆಳು ಎಲೆ 0.05, ಅದೂ ಹೋಗ್ಲಿಲ್ಲ. ಬೆರಳಲ್ಲಿ ರಾಕರ್ ಹಿಡಿದು ಅಲುಗಿಸಿದ್ರೆ ಮಿಕ್ಕಿದ್ದೆಲ್ಲಾ ಟಿಕ್ ಟಿಕ್ ಅಂತ ಸಣ್ಣಗೆ ಆಡ್ತಿತ್ತು, ಇದು ಕಲ್ಲಿನ ಹಾಗೆ ಕೂತಿತ್ತು. ಅಷ್ಟೊತ್ತು ನನ್ನ ಮನಸಲ್ಲಿ ಎಲ್ಲೋ ಅನುಮಾನ ಇತ್ತು, ಅದನ್ನ ಮುಟ್ಟಿದ ಕ್ಷಣ ಹೋಯ್ತು. ಇಷ್ಟು ತಿಂಗಳು ಪ್ಲಗ್ಗು ಕಾಯಿಲ್ಲು ಅಂತ ಓಡಾಡಿದ್ದು ಇದಕ್ಕೆ.

ಮೂರನೇದರ ಲಾಕ್ ನಟ್ ಸಡಿಲಿಸಿ ಸ್ಕ್ರೂ ಹಿಂದಕ್ಕೆ ತಿರುಗ್ಸಿ 0.25 ಎಲೆ ಹಾಕಿದೆ. ನಟ್ ಬಿಗಿ ಮಾಡಿದ ಮೇಲೆ ನೋಡಿದ್ರೆ ನೀವು ಹೇಳಿದ ಹಾಗೇ ಬಿಗಿ ಆಗಿತ್ತು, ಮೂರು ಸಲ ಮಾಡಿದ ಮೇಲೆ ಕೂತ್ಕೊಳ್ತು. ಉಳಿದ ಮೂರು ಎಕ್ಸಾಸ್ಟೂ 0.25ಕ್ಕೆ ತಂದೆ. ಎಲ್ಲಾ ಆದ್ಮೇಲೆ ಕೈಯಿಂದ ಎರಡು ಸುತ್ತು ತಿರುಗ್ಸಿ ಮತ್ತೆ ಎಂಟನ್ನೂ ಅಳೆದೆ. ಹೊಸ ಗ್ಯಾಸ್ಕೆಟ್ಟು, ಬಾವಿ ಸೀಲು ಹಾಕಿ ಮುಚ್ಚಿದ್ವಿ.

ಅರ್ಧ ಗಂಟೆ ಓಡ್ಸಿ ಬಂದು ನಿಲ್ಸಿದೆ. ಸ್ಟೀರಿಂಗ್ ಮೇಲೆ ಕೈ ಇಟ್ಕೊಂಡು ಕೂತಿದ್ದೆ, ನಡುಗ್ಲಿಲ್ಲ. ಹಾಳೆ ಹಿಡಿದೆ, ಒಂದ್ಸಲಾನೂ ಒಳಗೆ ಎಳೀಲಿಲ್ಲ. ಬಿಸಿ ಕಂಪ್ರೆಷನ್ 178, 176, 152, 176. ಟ್ರಿಮ್ಮು ಐಡ್ಲಿಂಗಲ್ಲಿ ಪ್ಲಸ್ 2, ಅಂದ್ರೆ ಆ ಪ್ಲಸ್ 9 ಮಿಸ್ಸಿಂಗಿನ ಫಲವೇ.

ಮೂರನೇದು ಇನ್ನೂ ಸ್ವಲ್ಪ ಕಮ್ಮಿ ಇದೆಯಲ್ಲ, ಇದಕ್ಕೇನು ಮಾಡ್ಬೇಕು?

ವೈರ್‌ಮನ್

ಓದಿ ಖುಷಿ ಆಯ್ತು ಮೇಡಂ. ಆ ಹಳೇ ಕಾಯಿಲ್ಲು ಎಸೀಬೇಡಿ, ಅದು ಚೆನ್ನಾಗೇ ಇದೆ, ಸ್ಪೇರ್ ಇಟ್ಕೊಳ್ಳಿ.

ಎಣ್ಣೆಕೈ

ಇಷ್ಟು ದಿನ ಬಿಗಿಯಲ್ಲಿ ಓಡಿದ್ದಕ್ಕೆ ಆ ವಾಲ್ವಿನ ಅಂಚು, ಸೀಟು ಸ್ವಲ್ಪ ಸುಟ್ಟಿರುತ್ತೆ, ಅದಕ್ಕೇ 152. ಸಣ್ಣ ಕಲೆ ಆಗಿದ್ರೆ ಓಡ್ತಾ ಓಡ್ತಾ ಇನ್ನೂ ಸ್ವಲ್ಪ ಕೂತ್ಕೋಬಹುದು. 1,000 ಕಿಮೀ ಆದ್ಮೇಲೆ ಮೂರನೇದರ ಗ್ಯಾಪೂ ಬಿಸಿ ಕಂಪ್ರೆಷನ್ನೂ ಅಳೀರಿ. ಗ್ಯಾಪ್ ಅಷ್ಟರಲ್ಲೇ 0.20ಕ್ಕಿಂತ ಕೆಳಗೆ ಬಂದಿದ್ರೆ ಸೀಟು ವೇಗವಾಗಿ ಸವೀತಿದೆ, ಆಗ ಹೆಡ್ ತೆಗೆದು ಗಟ್ಟಿ ಸೀಟು ಕೂರಿಸ್ಲೇಬೇಕು. ಅಲ್ಲಿವರೆಗೆ ಪೆಟ್ರೋಲಲ್ಲೇ ಓಡ್ಸಿ, ಗ್ಯಾಸ್ ಬೇಡ.

ಏಳುಸೀಟು

ಏಳು ವಾರ ಆಯ್ತು, 1,130 ಕಿಮೀ, ಪೂರ್ತಿ ಪೆಟ್ರೋಲಲ್ಲಿ. ಮೂರನೇ ಎಕ್ಸಾಸ್ಟ್ ಗ್ಯಾಪು 0.23. ಬಿಸಿ ಕಂಪ್ರೆಷನ್ 157. ಲೈಟು ಬಂದಿಲ್ಲ, ಕೂಲಂಟು ಗೆರೆ ಮೇಲೇ ನಿಂತಿದೆ. ಏರಲ್ಲಿ ಎಲ್ಲರನ್ನೂ ಕೂರಿಸ್ಕೊಂಡು ಮೂರನೇ ಗೇರಲ್ಲೇ ಹತ್ತಿಸ್ದೆ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಳಗಿಂದ ಸಣ್ಣಗೆ ಟಿಕ್ ಟಿಕ್ ಕೇಳುತ್ತೆ, ಮುಂಚೆ ಇರ್ಲಿಲ್ಲ. ಮಗ ಏನೋ ಸದ್ದು ಬರ್ತಿದೆ ಅಂದ.

ಎಣ್ಣೆಕೈ

ಅದು ಟ್ಯಾಪೆಟ್ಟಿನ ಸದ್ದು, ಇರ್ಲಿ, ಇರ್ಬೇಕು. ಮುಂದಿನ ಸಲ 5,000 ಕಿಮೀಗೆ ಎಂಟನ್ನೂ ಅಳೀರಿ, ಗ್ಯಾಸಿಗೆ ವಾಪಸ್ ಹೋದ್ರೆ ಅದಕ್ಕಿಂತ ಮುಂಚೆನೇ. ಅಳೆದ ಅಂಕಿಯೆಲ್ಲಾ ಆ ಹಾಳೆ ಮೇಲೇ ತಾರೀಖು ಹಾಕಿ ಬರ್ದಿಟ್ಕೊಳ್ಳಿ, ಮಸಿ ಗುರುತು ಬಿದ್ದಿದ್ಯಲ್ಲ, ಅದ್ರ ಮೇಲೆ.